ಕಳಿಸಿದ ರೇಟ್ ಪಟ್ಟಿ ಕಸದ ಬುಟ್ಟಿಗೆ! ಗಾಂಧಿನಗರದ ವ್ಯಾಪಾರಿಯ ಗೋಳು

ಬಳ್ಳಾರಿ: "ಅಲ್ರಿ ಸಾರ್, ರೇಟ್ ಪಟ್ಟಿ ಕಳಿಸಿ ನಾಲ್ಕು ದಿನ ಆತು. ಹೈದರಾಬಾದಿನ ಪಾರ್ಟಿ ಏನೂ ಬಂದೇ ಇಲ್ಲ ಅಂತಾನ. ನನ್ನ ಫೋನಿನಾಗ ಹೋಗೈತಿ ಅಂತ ತೋರಿಸ್ತೈತಿ. ಇಬ್ಬರಾಗ ಸುಳ್ಳು ಹೇಳೋರು ಯಾರು?"

ಗಾಂಧಿನಗರದಲ್ಲಿ ಜೀನ್ಸ್ ಪ್ಯಾಂಟಿನ ವ್ಯಾಪಾರ ಮಾಡುವ ಯುವಕರೊಬ್ಬರು ಟೀ ಲೋಟ ಕೆಳಗಿಟ್ಟು ಕೇಳಿದ ಪ್ರಶ್ನೆ ಇದು. ವಿಚಾರಿಸಿ ನೋಡಿದರೆ ಇಬ್ಬರೂ ಸುಳ್ಳು ಹೇಳಿರಲಿಲ್ಲ. ಈಮೇಲ್ ಹೋಗಿತ್ತು, ತಲುಪಿಯೂ ಇತ್ತು. ಆದರೆ ಪಾರ್ಟಿಯ ಮೇಜಿಗಲ್ಲ, ಸ್ಪ್ಯಾಮ್ ಎಂಬ ಕಸದ ಬುಟ್ಟಿಗೆ! ಅವರು ಅದನ್ನು ತೆರೆದು ನೋಡುವ ಹೊತ್ತಿಗೆ ಆರ್ಡರು ಬೇರೆಯವರ ಪಾಲಾಗಿತ್ತು.

ಈ ರಗಳೆ ಇಂದಿನದಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ಗ್ಯಾರಿ ಥುಯೆರ್ಕ್ ಎಂಬವರು ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ಒಟ್ಟಿಗೆ ಕಳಿಸಿ ಬೈಸಿಕೊಂಡರು. ಬೇಡದ ಈಮೇಲಿನ ಮೊದಲ ಉದಾಹರಣೆ ಅದೇ ಎನ್ನುತ್ತಾರೆ. ಆಮೇಲೆ ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸುವುದು ಅನಿವಾರ್ಯವಾಯಿತು.

ಹೆಚ್ಚು ಅಂಕ ಬಂದರೆ ನಪಾಸು

ಈ ಕಾವಲುಗಾರ ಬರುವ ಪ್ರತಿ ಪತ್ರಕ್ಕೂ ಅಂಕ ಹಾಕುತ್ತಾನೆ. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಹೆಚ್ಚಿದಷ್ಟೂ ಸಂತೋಷ. ಇಲ್ಲಿ ಉಲ್ಟಾ! ಸ್ಪ್ಯಾಮ್‌ಅಸ್ಯಾಸಿನ್ ಎಂಬ ಸಾಫ್ಟ್‌ವೇರಿನಲ್ಲಿ ಅನುಮಾನದ ಒಂದೊಂದು ಗುರುತಿಗೂ ಇಷ್ಟಿಷ್ಟು ಅಂಕ. ಒಳ್ಳೆಯ ಗುರುತಿದ್ದರೆ ಕಳೆಯುತ್ತಾರೆ. ಯಾರೂ ಬದಲಾಯಿಸದಿದ್ದರೆ, ಒಟ್ಟು 5 ಮುಟ್ಟಿದರೆ ಸ್ಪ್ಯಾಮ್ ಎಂದು ಮುದ್ರೆ ಬಿತ್ತು. ಮೈಕ್ರೋಸಾಫ್ಟಿನ ಪದ್ಧತಿಯಲ್ಲಿ 0, 1 ಬಂದರೆ ಪಾಸು; 5, 6 ಬಂದರೆ ಸ್ಪ್ಯಾಮ್; 9 ಬಂದರೆ ಖಂಡಿತ ಸ್ಪ್ಯಾಮ್.

ಜಿಮೇಲ್ ಅಂಕ ತೋರಿಸುವುದಿಲ್ಲ. ಬುಟ್ಟಿಗೆ ಯಾಕೆ ಹಾಕಿತೆಂದು ಪತ್ರದ ಮೇಲೆ ಒಂದು ಸಾಲು ಬರೆದಿರುತ್ತದೆ, ಅಷ್ಟೇ. ಒಂದೇ ಪತ್ರ ಒಂದು ಕಡೆ ಪಾಸಾಗಿ ಇನ್ನೊಂದು ಕಡೆ ನಪಾಸಾಗುವುದೂ ಉಂಟು. ಆದ್ದರಿಂದ "ನಿಮ್ಮ ಅಂಕ ಚೆನ್ನಾಗಿದೆ, ಚಿಂತೆ ಬಿಡಿ" ಎಂದು ಯಾರಾದರೂ ದುಡ್ಡು ಕೇಳಿದರೆ ನಂಬಿ ಕೂರಬೇಡಿ.

ಕಾಗದಪತ್ರ ಸರಿ ಇದೆಯೇ?

ನಮ್ಮ ಯುವಕರದು ಅಂಗಡಿಯ ಹೆಸರಿನಲ್ಲೇ ಮಾಡಿಸಿದ ವಿಳಾಸ. ಅದರಿಂದ ಭಾವಮೈದುನನ ಜಿಮೇಲಿಗೆ ಒಂದು ಪತ್ರ ಕಳಿಸಿ, ಕಂಪ್ಯೂಟರಿನಲ್ಲಿ ತೆರೆದು, 'ಶೋ ಒರಿಜಿನಲ್' ಒತ್ತಿ ನೋಡಿದರು. ಬಂಡವಾಳ ಬಯಲಾಯಿತು. ಎಸ್‌ಪಿಎಫ್ ಫೇಲ್. ಡಿಕೆಐಎಂ ಇಲ್ಲವೇ ಇಲ್ಲ.

ಎಸ್‌ಪಿಎಫ್ ಎಂದರೆ ಅಂಗಡಿಯ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಸರ್ವರಿಗೆ ಅಧಿಕಾರವಿದೆ ಎಂಬ ಪಟ್ಟಿ. ಡಿಕೆಐಎಂ ಎಂದರೆ ಲಕೋಟೆಯ ಮೇಲಿನ ಅರಗಿನ ಮೊಹರು. ಇವು ತಾಳೆಯಾಗದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ಹೇಳುವುದು ಡಿಮಾರ್ಕ್. 2024ರ ಫೆಬ್ರವರಿಯಿಂದ ಜಿಮೇಲಿಗೆ ಯಾರೇ ಕಳಿಸಲಿ, ಮೊದಲೆರಡರಲ್ಲಿ ಒಂದಾದರೂ ಇರಬೇಕು. ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ.

ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ದುಡ್ಡು ಎಣಿಸಿಕೊಂಡು ಹೋಗಿದ್ದ, ಇದನ್ನು ಹಾಕಿರಲಿಲ್ಲ. ಗೊತ್ತಿದ್ದವರಿಗೆ ಇದು ಬಹಳ ಹೊತ್ತಿನ ಕೆಲಸವಲ್ಲ.

ಸಾವಿರಕ್ಕೆ ಮೂರೇ ಸಾಕು

ಇನ್ನೊಂದು ತಪ್ಪು ಯುವಕರದ್ದೇ. ದೀಪಾವಳಿಗೆ ಯಾರಿಂದಲೋ ವಿಳಾಸಗಳ ಪಟ್ಟಿ ಕೊಂಡು ಎಲ್ಲರಿಗೂ ಆಫರ್ ಕಳಿಸಿದ್ದರು. ಕೇಳದೆ ಬಂದ ಪತ್ರಕ್ಕೆ ಜನ ಸುಮ್ಮನಿರುತ್ತಾರೆಯೇ? 'ಸ್ಪ್ಯಾಮ್' ಗುಂಡಿ ಒತ್ತುತ್ತಾರೆ. ಈ ದೂರು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಇರಲಿ, ಮೂರನ್ನಂತೂ ಮುಟ್ಟಲೇಬಾರದು ಎನ್ನುತ್ತದೆ ಜಿಮೇಲ್. ಹೆಸರು ಒಮ್ಮೆ ಕೆಟ್ಟರೆ ಆಫರ್ ಮಾತ್ರವಲ್ಲ, ಸಾಚಾ ಬಿಲ್ಲೂ ಬುಟ್ಟಿಗೆ ಬೀಳುತ್ತದೆ. ಬಜಾರಿನಲ್ಲಿ ಕೆಟ್ಟ ಹೆಸರಿನ ಹಾಗೇ ಇದೂ, ಬೇಗ ಹೋಗುವುದಿಲ್ಲ.

ನೋಟಿಸೇ ಬುಟ್ಟಿಯಲ್ಲಿದ್ದರೆ?

ಇದು ಬರೀ ಕಳಿಸುವವರ ಗೋಳಲ್ಲ. 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 169ನೇ ಕಲಂ ಪ್ರಕಾರ, ನೋಂದಣಿಯಲ್ಲಿ ಕೊಟ್ಟ ಈಮೇಲಿಗೆ ನೋಟಿಸ್ ಕಳಿಸುವುದೂ ಜಾರಿ ಮಾಡುವ ಒಂದು ಕ್ರಮವೇ. "ಸ್ಪ್ಯಾಮಿನಾಗ ಬಿದ್ದಿತ್ತು ಸ್ವಾಮಿ, ನೋಡಲಿಲ್ಲ" ಎಂದರೆ ಅಧಿಕಾರಿ ಕೇಳುತ್ತಾರೆಂಬ ಭರವಸೆ ಇಲ್ಲ. ಜಿಮೇಲಿನ ಬುಟ್ಟಿ 30 ದಿನಕ್ಕೆ ತಾನೇ ಖಾಲಿಯಾಗುತ್ತದೆ. ಆಮೇಲೆ ಹುಡುಕಿದರೂ ಸಿಗದು.

ಸಿರುಗುಪ್ಪ, ಕುರುಗೋಡು ಬಸ್ಸಿನಲ್ಲಿ ಕೂತು ಇದನ್ನು ಓದುತ್ತಿರುವವರೂ ಒಮ್ಮೆ ಫೋನು ತೆಗೆದು ಸ್ಪ್ಯಾಮ್ ನೋಡಿ. ಮಗನ ಇಂಟರ್‌ವ್ಯೂ ಪತ್ರ ಅಲ್ಲೇ ಇದ್ದೀತು! ನಿಜವಾದದ್ದು ಸಿಕ್ಕರೆ 'ನಾಟ್ ಸ್ಪ್ಯಾಮ್' ಒತ್ತಿ. ಕಾವಲುಗಾರ ಮುಂದಿನ ಸಲಕ್ಕೆ ಪಾಠ ಕಲಿಯುತ್ತಾನೆ. ಆದರೆ ಎಚ್ಚರ! ಬುಟ್ಟಿಯಲ್ಲಿ ಕಳ್ಳರೂ ಇರುತ್ತಾರೆ. ಲಾಟರಿ, ಬ್ಯಾಂಕು ಎಂದು ಬಂದ ಲಿಂಕು ಮುಟ್ಟಬೇಡಿ.

ನಮ್ಮ ಯುವಕರು ಈಗ ಕಾಗದಪತ್ರ ಸರಿಮಾಡಿಸಿದ್ದಾರೆ, ಕೊಂಡ ಪಟ್ಟಿಯನ್ನು ಅಳಿಸಿದ್ದಾರೆ. ಈಮೇಲ್ ಕಳಿಸಿದ ಮೇಲೆ ಒಂದು ಫೋನೂ ಮಾಡುತ್ತಾರೆ. "ಬಂತೇನ್ರಿ?" ಎಂದು ಕೇಳಿದರೆ ಗಂಟೇನೂ ಹೋಗುವುದಿಲ್ಲವಲ್ಲ!

ನಗರದ ವರ್ತಕರ ಸಂಘದವರು ಒಂದು ಸಂಜೆ ಎಲ್ಲರನ್ನೂ ಕೂರಿಸಿ ಇದನ್ನು ತಿಳಿಸಿಕೊಟ್ಟರೆ ದೊಡ್ಡ ಉಪಕಾರ. ಸಂಬಂಧಪಟ್ಟವರು ಗಮನಿಸುವರೇ?