ವಾಂತಿ-ಭೇದಿಯೂ ಶರೀರದ ನೀರಿನ ರಕ್ಷಣೆಯೂ

ದೇವರ ಹಿಪ್ಪರಗಿಯ ಸುತ್ತಣ ಎರೆನೆಲದಲ್ಲಿ ಮುಂಗಾರಿನ ಮೊದಲ ಮಳೆಗಳು ಬಿದ್ದೊಡನೆ ಬಿತ್ತನೆಯ ಅವಸರವು ಆರಂಭವಾಗುತ್ತದೆ. ಅದೇ ಸಮಯದಲ್ಲಿ ಬಯಲಿನ ಹೊಲಸು ಮಳೆನೀರಿನೊಡನೆ ಕೊಚ್ಚಿಕೊಂಡು ಕಟ್ಟೆಯಿಲ್ಲದ ಬಾವಿಗಳನ್ನು ಸೇರುತ್ತದೆ. ಹೀಗಾಗಿ ಹೊಲದ ಕೆಲಸವು ಹೆಚ್ಚಿರುವ ದಿನಗಳಲ್ಲಿಯೇ ವಾಂತಿ-ಭೇದಿಯು ತಲೆದೋರುವುದುಂಟು. ಇದು ವೈದ್ಯರ ವಿಷಯವೆಂದು ಗೌಡರೂ ಜಮೀನುದಾರರೂ ಬಿಟ್ಟುಬಿಡತಕ್ಕದ್ದಲ್ಲ.

ಈ ಬೇನೆಯಲ್ಲಿ ಪ್ರಾಣಹಾನಿಯು ಬಹುಮಟ್ಟಿಗೆ ಶರೀರದ ನೀರೂ ಲವಣಗಳೂ ಹೊರಟುಹೋಗುವುದರಿಂದ ಆಗುತ್ತದೆ. ಪಟಕಿ ಅಥವಾ ಕಾಲರಾ ತೀವ್ರವಾದರೆ ಗಟ್ಟಿಮುಟ್ಟಾದ ಆಳೂ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಕೂಸುಗಳ ಮಾತು ಹೇಳಬೇಕಾದುದೇ ಇಲ್ಲ. ಹೀಗಿದ್ದೂ, ನೀರು ಕುಡಿಸಿದರೆ ಭೇದಿಯು ಹೆಚ್ಚುವುದೆಂದು ರೋಗಿಗೆ ನೀರನ್ನೇ ತೋರಿಸದ ವಾಡಿಕೆಯು ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಸೋರುವ ಬಾನಿಗೆ ನೀರು ಹಾಕುವುದನ್ನು ಬಿಟ್ಟರೆ ಸೋರಿಕೆಯು ನಿಲ್ಲುವುದೇನೋ ನಿಜ, ಆದರೆ ಬಾನಿಯು ಬರಿದಾದ ಮೇಲೆ.

1971ರಲ್ಲಿ ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವಿನ ನಿರಾಶ್ರಿತರಲ್ಲಿ ಪಟಕಿಯು ಹರಡಿತು. ರಕ್ತನಾಳಕ್ಕೆ ಏರಿಸುವ ಲವಣಜಲವು ಸಾಲದೆ ಬರಲು, ಡಾಕ್ಟರ್ ದಿಲೀಪ್ ಮಹಲನಬೀಸ್ ಎಂಬವರು ಉಪ್ಪು, ಅಡಿಗೆ ಸೋಡಾ, ಗ್ಲುಕೋಸುಗಳನ್ನು ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರವರೆಗೆ ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಕರುಳು ಕೆಟ್ಟಿರುವಾಗಲೂ ಸಕ್ಕರೆಯ ಜೊತೆಗೆ ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಬರುತ್ತದೆ. ಇಷ್ಟೇ ಇದರ ಗುಟ್ಟು.

ಆಶಾ ಕಾರ್ಯಕರ್ತೆಯರಲ್ಲಿ ದೊರೆಯುವ ಓಆರ್‌ಎಸ್ ಪೊಟ್ಟಣವೇ ಉತ್ತಮ. ಪೊಟ್ಟಣದ ಮೇಲೆ ಬರೆದಷ್ಟು ನೀರಿಗೇ ಅದನ್ನು ಪೂರ್ತಿಯಾಗಿ ಕರಗಿಸತಕ್ಕದ್ದು. ಅದಿಲ್ಲದಾಗ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಚಹದ ಚಮಚದಿಂದ ಸಮತಲವಾಗಿ 6 ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಹಾಕಬೇಕು. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ. ಕೈಯಂದಾಜು ಇಲ್ಲಿ ಸಲ್ಲದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ತರುವಾಯ 50ರಿಂದ 100 ಮಿಲಿಲೀಟರ್, ಅದಕ್ಕೆ ಮೇಲ್ಪಟ್ಟ ಮಕ್ಕಳಿಗೆ 100ರಿಂದ 200, ದೊಡ್ಡವರಿಗೆ ಬೇಕಾದಷ್ಟು. ವಾಂತಿಯಾದರೆ ಹತ್ತು ನಿಮಿಷ ತಡೆದು ಚಮಚದಿಂದ ಮೆಲ್ಲಗೆ ಕುಡಿಸುವುದು. 24 ಗಂಟೆಗಳಾದ ನೀರನ್ನು ಚೆಲ್ಲಿಬಿಡಬೇಕು. ಎದೆಹಾಲನ್ನು ನಿಲ್ಲಿಸಕೂಡದು. ದೊಡ್ಡವರಿಗೆ ತಿಳಿಯಾದ ಜೋಳದ ಅಂಬಲಿಯೂ ಉಪ್ಪು ಹಾಕಿದ ಮಜ್ಜಿಗೆಯೂ ಹಿತವೇ. ಬಾಟಲಿಯ ಸಿಹಿ ಪಾನಕಗಳು ಮಾತ್ರ ಬೇಡ.

ಕಣ್ಣು ಗುಳಿಬೀಳುವುದು, ಚಿವುಟಿ ಬಿಟ್ಟ ಚರ್ಮವು ಬೇಗನೆ ಸರಿಹೋಗದಿರುವುದು, ಮೂತ್ರ ನಿಲ್ಲುವುದು, ಮಂಕು ಕವಿಯುವುದು, ಭೇದಿಯಲ್ಲಿ ರಕ್ತ ಕಾಣುವುದು ಇವುಗಳಲ್ಲಿ ಯಾವುದೊಂದಿದ್ದರೂ 108ಕ್ಕೆ ತಿಳಿಸಿ ಆಸ್ಪತ್ರೆಗೆ ಒಯ್ಯಬೇಕು. ಗಾಡಿ ಬರುವವರೆಗೂ ದಾರಿಯಲ್ಲಿಯೂ, ರೋಗಿಗೆ ನುಂಗುವ ಎಚ್ಚರವಿದ್ದರೆ, ಕುಡಿಸುತ್ತಲೇ ಇರುವುದು.

ಬಾವಿಯ ವಿಷಯವು ಗೌಡರ ಕೈಯಲ್ಲಿದೆ. ಒಳ್ಳೆಯ ಬ್ಲೀಚಿಂಗ್ ಪುಡಿಯು 1000 ಲೀಟರಿಗೆ ಸುಮಾರು 2.5 ಗ್ರಾಂ ಸಾಕು. 3 ಮೀಟರ್ ಅಗಲದ ಬಾವಿಯಲ್ಲಿ 2 ಮೀಟರ್ ನೀರಿದ್ದರೆ ಅದು ಸುಮಾರು 14,000 ಲೀಟರ್. ಪುಡಿ 35 ಗ್ರಾಂ. ಪುಡಿಯನ್ನು ನೇರವಾಗಿ ಎರಚದೆ ಬಕೀಟಿನಲ್ಲಿ ಕಲಸಿ, ಸುಣ್ಣವು ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬೇರೆ ಬಕೀಟಿಗೆ ಬಗ್ಗಿಸಿ, ಅದನ್ನು ಬಾವಿಯೊಳಗೆ ಇಳಿಸಿ ಚೆನ್ನಾಗಿ ಆಡಿಸಬೇಕು. ರಾತ್ರಿ ಹಾಕಿ ಬೆಳಿಗ್ಗೆ ಸೇದಿದರೆ ಅನುಕೂಲ. ಅವಸರವಿದ್ದರೂ ಒಂದು ಗಂಟೆಯೊಳಗೆ ಯಾರೂ ಕೊಡವನ್ನು ಇಳಿಸದಂತೆ ಒಬ್ಬ ಆಳನ್ನು ನಿಲ್ಲಿಸತಕ್ಕದ್ದು.