ತಿಂದರೇನಾತು, ಕೆಲಸ ಮಾಡ್ತಾನಲ್ಲ!

ಚುನಾವಣೆಯ ಗಾಳಿ ಬೀಸತೊಡಗಿತೆಂದರೆ ಯಾದಗಿರಿಯ ಚಹಾದಂಗಡಿಗಳಲ್ಲಾಗಲಿ, ಶಹಾಪುರದ ಬಸ್ ನಿಲ್ದಾಣದಲ್ಲಾಗಲಿ, ಸುರಪುರದ ಸಂತೆಯಲ್ಲಾಗಲಿ ಒಂದು ಮಾತು ಕಿವಿಗೆ ಬೀಳದೇ ಇರದು: “ಹೌದ್ರಿ, ತಿಂತಾನ. ಯಾರು ತಿನ್ನಲ್ಲ ಹೇಳ್ರಿ? ಇಂವ ತಿಂದ್ರೂ ಕೆಲಸ ಮಾಡ್ತಾನಲ್ರಿ!” ಹೇಳುವವರ ದನಿಯಲ್ಲಿ ಸಿಟ್ಟಿರುವುದಿಲ್ಲ, ನಾಚಿಕೆಯೂ ಇರುವುದಿಲ್ಲ. ಮಳೆ-ಬೆಳೆಯ ಮಾತಿನಷ್ಟೇ ಸಹಜವಾಗಿ ಅದು ಬಂದುಹೋಗುತ್ತದೆ.

ಇದು ನಮ್ಮ ಸೀಮೆಯ ಮಾತಷ್ಟೇ ಅಲ್ಲ. ಸಾವಿರಾರು ಮೈಲಿ ದೂರದ ಬ್ರೆಜಿಲ್‌ನಲ್ಲೂ ‘ಕದಿಯುತ್ತಾನೆ, ಆದರೆ ಕೆಲಸ ಮಾಡುತ್ತಾನೆ’ ಎಂಬ ಮಾತು ಗಾದೆಯಂತೆ ಬಳಕೆಯಲ್ಲಿದೆ. ಅಂದಮೇಲೆ ಭ್ರಷ್ಟರೆಂದು ಗೊತ್ತಿದ್ದೂ ಜನ ಅವರನ್ನೇ ಏಕೆ ಆರಿಸುತ್ತಾರೆ ಎಂಬ ಪ್ರಶ್ನೆಗೆ ‘ನಮ್ಮ ಜನ ದಡ್ಡರು’ ಎಂಬ ಉತ್ತರ ಸಾಲದು.

ಈ ಭಾಗದ ಬಗ್ಗೆ ಮಾತು ಬಂದಾಗ ಹೊರಗಿನವರು ಮೊದಲು ಬೊಟ್ಟು ಮಾಡುವುದು ಅನಕ್ಷರತೆಯತ್ತ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕನಿಷ್ಠ. ಆದರೆ ಓದಿದವರೇ ತುಂಬಿರುವ ಬೆಂಗಳೂರಿನಲ್ಲಿ 2023ರ ವಿಧಾನಸಭಾ ಚುನಾವಣೆಯಲ್ಲಿ ಮತಗಟ್ಟೆಗೆ ಬಂದವರು ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಮಾತ್ರ. ಅಕ್ಷರವೊಂದೇ ಒಳ್ಳೆಯ ಮತದಾರನನ್ನು ರೂಪಿಸುವುದಿಲ್ಲ.

ಇಲ್ಲಿಯ ಮತದಾರ ಒಬ್ಬರಿಗೇ ಕಟ್ಟುಬಿದ್ದವನೂ ಅಲ್ಲ. ಸುರಪುರವನ್ನೇ ನೋಡಿ. 2008ರಲ್ಲಿ ಗೆದ್ದ ರಾಜೂಗೌಡರು 2013ರಲ್ಲಿ ಸೋತರು. ಆಗ ಗೆದ್ದ ರಾಜಾ ವೆಂಕಟಪ್ಪ ನಾಯಕರು 2018ರಲ್ಲಿ ಸೋತರು. 2023ರಲ್ಲಿ ಮತ್ತೆ ಅವರೇ ಗೆದ್ದರು. ಶಹಾಪುರ 2013ರಲ್ಲೂ 2018ರಲ್ಲೂ, ಯಾದಗಿರಿ 2018ರಲ್ಲೂ 2023ರಲ್ಲೂ ಶಾಸಕರನ್ನು ಬದಲಿಸಿದವು. ಇದು ಯಾರ ಮೇಲಿನ ಆರೋಪವೂ ಅಲ್ಲ. ಸೋಲಿಸುವ ಶಕ್ತಿ ಮತದಾರನಿಗಿದೆ ಎಂಬುದಕ್ಕೆ ಸಾಕ್ಷಿಯಷ್ಟೆ. ಇಡೀ ರಾಜ್ಯದಲ್ಲಿಯೂ 1985ರ ನಂತರ ಯಾವ ಆಡಳಿತ ಪಕ್ಷವೂ ಚುನಾವಣೆಯಲ್ಲಿ ಮರಳಿ ಬಹುಮತ ಪಡೆದಿಲ್ಲ. ಹಾಗಿದ್ದೂ ವ್ಯವಸ್ಥೆ ಬದಲಾಗುವುದಿಲ್ಲ. ಕುರ್ಚಿಯ ಮೇಲಿನವರು ಬದಲಾಗುತ್ತಾರೆ, ಕುರ್ಚಿಯ ಮುಂದೆ ಕೈಕಟ್ಟಿ ನಿಲ್ಲುವ ಪಾಳಿ ಬದಲಾಗುವುದಿಲ್ಲ.

ಪೂಜಾರಿಯ ಕೈಯಲ್ಲಿ ವರ

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯಲ್ಲಿ ಅರ್ಧ ಉತ್ತರವಿದೆ. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಯಾದಗಿರಿ, ಶಹಾಪುರ, ಸುರಪುರ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತ್ತು. ಇಂಥಲ್ಲಿ ಬಡ ಕುಟುಂಬವೊಂದಕ್ಕೆ ಸರ್ಕಾರದಿಂದ ಆಗಬೇಕಾದ ಕೆಲಸಗಳು ಒಂದೆರಡಲ್ಲ. ಅಜ್ಜಿಗೆ ವೃದ್ಧಾಪ್ಯ ವೇತನ, ಹೊಲದ ಪಹಣಿ ತಿದ್ದುಪಡಿ, ಮಗಳಿಗೆ ಹಾಸ್ಟೆಲ್ ಸೀಟು, ಮಗನಿಗೆ 371(ಜೆ) ಅರ್ಹತಾ ಪ್ರಮಾಣಪತ್ರ, ಕಾಲುವೆಯ ಕೊನೆಯ ಹೊಲಕ್ಕೆ ನೀರು. ಎಲ್ಲವೂ ಕಾನೂನಿನ ಪ್ರಕಾರ ಹಕ್ಕುಗಳೇ. ಆದರೆ ಕಚೇರಿಯ ಬಾಗಿಲಲ್ಲಿ ನಾಲ್ಕು ಸಲ ತಿರುಗಿ ಬಂದವನಿಗೆ ಅವು ಹಕ್ಕಿನಂತೆ ಕಾಣುವುದಿಲ್ಲ. ಊರಿನ ಪುಢಾರಿ ಒಂದು ಫೋನು ಮಾಡಿಸಿದರೆ ಸಂಜೆಯೊಳಗೆ ಕೆಲಸವಾಗುತ್ತದೆ. ಹಕ್ಕು ಉಪಕಾರವಾಗಿ ಬದಲಾಗುವುದು ಅಲ್ಲಿ; ಉಪಕಾರಕ್ಕೆ ಋಣ ತೀರಿಸಬೇಕಲ್ಲ!

ಕೆಲವು ಕಡೆ ಕಾನೂನೇ ಈ ಬೀಗದ ಕೈಯನ್ನು ಶಾಸಕರಿಗೆ ಒಪ್ಪಿಸಿದೆ. ಬಗರ್‌ಹುಕುಂ ಜಮೀನು ಸಕ್ರಮಗೊಳಿಸುವ ಸಮಿತಿಗೆ ಶಾಸಕರೇ ಅಧ್ಯಕ್ಷರು. ಎರಡೆಕರೆ ಸಾಗುವಳಿ ಮಾಡುತ್ತ ಪಟ್ಟಾಕ್ಕಾಗಿ ಕಾದಿರುವ ರೈತನಿಗೆ ಅವರು ಪ್ರಾಮಾಣಿಕರೋ ಅಲ್ಲವೋ ಎಂಬುದಕ್ಕಿಂತ ತನ್ನ ಅರ್ಜಿ ಅವರ ಕಣ್ಣಿಗೆ ಬೀಳುತ್ತದೋ ಇಲ್ಲವೋ ಎಂಬುದೇ ದೊಡ್ಡ ಪ್ರಶ್ನೆ. ‘ನಮ್ಮವನು’ ಎಂಬ ಜಾತಿಯ ಲೆಕ್ಕವೂ ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತದೆ. ನಮ್ಮವನಾದರೆ ಬಾಗಿಲು ತೆರೆದೀತು ಎಂಬ ಆಸೆ ಅದು.

ಇದರ ಜೊತೆಗೆ ಒಂದು ಹೆದರಿಕೆಯೂ ಇದೆ. ಮತ ಗುಪ್ತವೇನೋ ನಿಜ. ಆದರೆ ಮತಯಂತ್ರದ ಎಣಿಕೆ ನಡೆಯುವುದು ಮತಗಟ್ಟೆವಾರು. ಸುಮಾರು ಸಾವಿರ ಮತದಾರರ ಒಂದು ಮತಗಟ್ಟೆಯಲ್ಲಿ ಯಾರಿಗೆಷ್ಟು ಬಿತ್ತೆಂಬುದು ಎಲ್ಲರಿಗೂ ತಿಳಿಯುತ್ತದೆ. ಯಾವ ಊರು, ಯಾವ ಓಣಿ ಕೈಕೊಟ್ಟಿತು ಎಂದು ಲೆಕ್ಕ ಹಾಕುವುದು ಕಷ್ಟವಲ್ಲ. ಮರುವರ್ಷ ರಸ್ತೆ, ಬೋರ್‌ವೆಲ್ ಹಂಚುವಾಗ ಆ ಲೆಕ್ಕ ನೆನಪಿಗೆ ಬಂದೀತೆಂಬ ಭಯ ಊರಿನ ಹಿರಿಯರಿಗಿರುತ್ತದೆ. ಹಲವು ಮತಗಟ್ಟೆಗಳ ಮತ ಬೆರೆಸಿ ಎಣಿಸುವ ‘ಟೋಟಲೈಸರ್’ ಯಂತ್ರವನ್ನು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತ್ತು. ಕಾನೂನು ಆಯೋಗ 2015ರಲ್ಲಿ ಬೆಂಬಲಿಸಿತು. ಅದು ಜಾರಿಗೆ ಬರಲಿಲ್ಲ.

ನ್ಯಾಯ ತಡವಾದರೆ

ಇನ್ನೊಂದು ಕಾರಣ ನ್ಯಾಯದ ನಿಧಾನಗತಿ. ಓಬಳಾಪುರಂ ಗಣಿ ಪ್ರಕರಣದಲ್ಲಿ ಗಾಲಿ ಜನಾರ್ದನ ರೆಡ್ಡಿಯವರನ್ನು ಸಿಬಿಐ ಬಂಧಿಸಿದ್ದು 2011ರ ಸೆಪ್ಟೆಂಬರ್‌ನಲ್ಲಿ. ಹೈದರಾಬಾದಿನ ಸಿಬಿಐ ನ್ಯಾಯಾಲಯ ಅವರಿಗೆ 7 ವರ್ಷ ಶಿಕ್ಷೆ ವಿಧಿಸಿದ್ದು 2025ರ ಮೇ ತಿಂಗಳಲ್ಲಿ. ಮರುತಿಂಗಳೇ ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಇದರ ನಡುವೆ ಮೂರು ವಿಧಾನಸಭಾ ಚುನಾವಣೆಗಳು ಕಳೆದುಹೋದವು; 2023ರಲ್ಲಿ ಅವರು ಗಂಗಾವತಿಯಿಂದ ಗೆದ್ದರು. ಕೋರ್ಟಿಗೇ ತೀರ್ಪು ಕೊಡಲು ಹದಿನಾಲ್ಕು ವರ್ಷ ಬೇಕಾದರೆ ‘ನಾವ್ಯಾಕ ತಪ್ಪು ಅನ್ನೋಣು?’ ಎಂದು ಮತದಾರ ಕೇಳುವುದರಲ್ಲಿ ಆಶ್ಚರ್ಯವಿಲ್ಲ.

ಖಚಿತ ಮಾಹಿತಿ ಸಕಾಲಕ್ಕೆ ಸಿಕ್ಕರೆ ಜನ ಬೇರೆಯೇ ತೀರ್ಪು ಕೊಡುತ್ತಾರೆ. ಬ್ರೆಜಿಲ್‌ನ ಕೇಂದ್ರ ಸರ್ಕಾರ 2003ರಲ್ಲಿ ಲಾಟರಿ ಎತ್ತಿ ಕೆಲವು ಪಟ್ಟಣಾಡಳಿತಗಳ ಲೆಕ್ಕ ತಪಾಸಣೆ ಮಾಡಿಸಿ ವರದಿಗಳನ್ನು ಬಹಿರಂಗಪಡಿಸತೊಡಗಿತು. 2004ರ ಸ್ಥಳೀಯ ಚುನಾವಣೆಗೆ ಮುಂಚೆಯೇ ವರದಿ ಬಂದ ಊರುಗಳಲ್ಲಿ ಭ್ರಷ್ಟ ಮೇಯರ್‌ಗಳು ಮರಳಿ ಗೆಲ್ಲುವುದು ಕಡಿಮೆಯಾಯಿತು. ಸ್ಥಳೀಯ ರೇಡಿಯೊ ಇದ್ದಲ್ಲಿ ಇನ್ನೂ ಕಡಿಮೆಯಾಯಿತು ಎಂದು ಫೆರಾಜ್ ಮತ್ತು ಫಿನಾನ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ‘ಎಲ್ಲರೂ ತಿಂತಾರ’ ಎಂಬ ಗಾಳಿಮಾತಿನಿಂದ ಯಾರೂ ಸೋಲುವುದಿಲ್ಲ. ‘ನಮ್ಮೂರ ಶಾಲೆಯ ಕೋಣೆಗೆ ಬಂದ ಹಣ ಇಷ್ಟು, ಕಟ್ಟಿದ್ದು ಇಷ್ಟು’ ಎಂಬ ಲೆಕ್ಕ ಮತ ಬದಲಿಸಬಲ್ಲದು.

ತಿಂದದ್ದು ಯಾರ ಅನ್ನ?

‘ತಿಂದ್ರೂ ಕೆಲಸ ಮಾಡ್ತಾನ’ ಎನ್ನುವ ತಂದೆ-ತಾಯಂದಿರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ತಿಂದದ್ದು ಯಾರ ಅನ್ನ? 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಅಕ್ರಮ 2022ರಲ್ಲಿ ಬಯಲಾದದ್ದು ಪಕ್ಕದ ಕಲಬುರಗಿಯಲ್ಲಿ. ಆಯ್ಕೆ ಪಟ್ಟಿಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಹಗಲುರಾತ್ರಿ ಓದಿ ನ್ಯಾಯವಾಗಿ ಪಾಸಾದವರೂ ಎರಡು ವರ್ಷ ಕಳೆದುಕೊಂಡರು. 2023ರ ಅಕ್ಟೋಬರ್‌ನಲ್ಲಿ ನಿಗಮ-ಮಂಡಳಿಗಳ ನೇಮಕಾತಿ ಪರೀಕ್ಷೆಯಲ್ಲಿ ಬ್ಲೂಟೂತ್ ಬಳಸಿ ಸಿಕ್ಕಿಬಿದ್ದದ್ದು ಕಲಬುರಗಿ ಮತ್ತು ಯಾದಗಿರಿ ಕೇಂದ್ರಗಳಲ್ಲೇ. ಪಿಎಸ್‌ಐ ಪ್ರಕರಣದ ಪ್ರಮುಖ ಆರೋಪಿಯೊಬ್ಬರು 2023ರಲ್ಲಿ ಅಫಜಲಪುರದಿಂದ ವಿಧಾನಸಭೆಗೆ ಸ್ಪರ್ಧಿಸಿದ್ದರು. ಜನ ಅವರನ್ನು ಸೋಲಿಸಿದರು.

ಹೊಲ ಮಾರಿ ಮಗನಿಗೆ ನೌಕರಿ ‘ಮಾಡಿಸುವ’ ತಂದೆ ಒಂದು ಮಾತು ಮರೆಯುತ್ತಾನೆ. ಹೊಲವೇ ಇಲ್ಲದವನ ಮಗನೂ ಅದೇ ಪರೀಕ್ಷೆ ಬರೆದಿರುತ್ತಾನೆ. ಇಂದು ನಮಗಾಗಿ ಸರತಿ ಮುರಿದವನು ನಾಳೆ ಹೆಚ್ಚು ಕೊಟ್ಟವರಿಗಾಗಿ ನಮ್ಮನ್ನೇ ಸರತಿಯಿಂದ ಹೊರಹಾಕಬಲ್ಲ.

ಹಾಗಾದರೆ ವಿದ್ಯಾರ್ಥಿಗಳು ಮಾಡಬಹುದಾದದ್ದೇನು? ಭಾಷಣಕ್ಕಿಂತ ಅರ್ಜಿ ದೊಡ್ಡದು. 2012ರಿಂದ ರಾಜ್ಯದಾದ್ಯಂತ ಜಾರಿಯಲ್ಲಿರುವ ‘ಸಕಾಲ’ ಕಾಯ್ದೆ ಪ್ರಕಾರ ನಿಗದಿತ ಸೇವೆಗಳಿಗೆ ಗಡುವು ಇದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ರಸ್ತೆಯ ಬಿಲ್ಲು ಕೇಳಬಹುದು. ಬಿಪಿಎಲ್ ಕುಟುಂಬಗಳಿಗೆ ಶುಲ್ಕವೂ ಇಲ್ಲ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದಾಗಿ ಪ್ರತಿ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ಮೊಕದ್ದಮೆಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ಹಿಂದಿನ ಚುನಾವಣೆಯ ಪ್ರಮಾಣಪತ್ರವನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ಮನೆಯವರಿಗೆ ಓದಿ ಹೇಳಲು ಪಿಯುಸಿ ವಿದ್ಯಾರ್ಥಿಗೆ ಅರ್ಧ ಗಂಟೆ ಸಾಕು.

ಪಕ್ಕದ ಮನೆಯ ಅಜ್ಜಿಯ ಪಿಂಚಣಿ ಅರ್ಜಿ ತುಂಬಿ, ಸ್ವೀಕೃತಿ ಚೀಟಿ ಜೋಪಾನವಾಗಿಟ್ಟು, ಗಡುವಿನ ದಿನ ಹೋಗಿ ಕೇಳಿ ಬರುವುದು ಸಣ್ಣ ಕೆಲಸದಂತೆ ಕಾಣಬಹುದು. ಆದರೆ ಯಾರ ಕೈಕಾಲೂ ಹಿಡಿಯದೆ ಒಂದು ಅರ್ಜಿ ಮಂಜೂರಾದರೆ ಒಂದು ಮತ ಋಣದಿಂದ ಬಿಡುಗಡೆಯಾದಂತೆ. ಮುಂದಿನ ಸಲ ಮತ ಕೇಳಲು ಬಂದವರಿಗೆ ‘ನಮಗೇನು ಕೊಡ್ತೀರಿ?’ ಎಂಬ ಪ್ರಶ್ನೆಯ ಬದಲು ‘ನಿಮ್ಮ ಚೀಟಿ ಇಲ್ಲದೇನೇ ಕಚೇರಿಯೊಳಗ ನಮ್ಮ ಕೆಲಸ ಆಗೂ ಹಂಗ ಏನು ಮಾಡ್ತೀರಿ?’ ಎಂದು ಕೇಳಿ ನೋಡಿ.