ಕಣ್ಣಿನ ಒತ್ತಡ, ಕಾರ್ನಿಯಾದ ದಪ್ಪ: ತಪ್ಪು ಕಲ್ಪನೆ ಮತ್ತು ಸತ್ಯ

ಸೈಕಲ್ಲಿಗೆ ಗಾಳಿ ಸಾಕೇ ಎಂದು ನೋಡಲು ಹೆಬ್ಬೆರಳಿನಿಂದ ಟೈರು ಒತ್ತುತ್ತೇವೆ. ಟೈರು ದಪ್ಪಗಿದ್ದರೆ ಗಾಳಿ ಕಮ್ಮಿಯಿದ್ದರೂ ಗಟ್ಟಿ ಅನಿಸುತ್ತದೆ. ಸವೆದಿದ್ದರೆ ಗಾಳಿಯಿದ್ದರೂ ಮೆತ್ತಗೆ. ಕಣ್ಣಿನ ಒತ್ತಡ ಅಳೆಯುವ ಟೋನೋಮೀಟರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಹೊರಗಿನಿಂದ ಒತ್ತಿ, ಒಳಗಿನ ಒತ್ತಡ ಎಷ್ಟೆಂದು ಅಂದಾಜಿಸುತ್ತದೆ. ಆದ್ದರಿಂದಲೇ ದೃಷ್ಟಿನರ ಹಾಳಾಗುವ ಕಾಯಿಲೆಯಾದ ಗ್ಲಾಕೋಮಾದ ಸಂಶಯವಿದ್ದಾಗ ವೈದ್ಯರು ಕಾರ್ನಿಯಾದ ದಪ್ಪವನ್ನೂ ಅಳೆಯುತ್ತಾರೆ. ಈ ಪರೀಕ್ಷೆಯ ಹೆಸರು ಪ್ಯಾಕಿಮೆಟ್ರಿ.

ತಪ್ಪು ಕಲ್ಪನೆ: ಒತ್ತಡ 21ರೊಳಗಿದ್ದರೆ ಗ್ಲಾಕೋಮಾ ಇಲ್ಲ.

ಸತ್ಯ: 10ರಿಂದ 21 (ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ) ಎಂಬುದು ಹೆಚ್ಚಿನವರಲ್ಲಿ ಕಾಣುವ ಮಟ್ಟ, ಅಷ್ಟೇ. ಅಳತೆಯೂ ತಪ್ಪಬಹುದು. 1950ರ ದಶಕದಲ್ಲಿ ಗೋಲ್ಡ್‌ಮನ್ ಎಂಬ ನೇತ್ರತಜ್ಞರು ರೂಪಿಸಿದ ಟೋನೋಮೀಟರ್ ಇಂದಿಗೂ ಬಳಕೆಯಲ್ಲಿದೆ. ಕಾರ್ನಿಯಾದ ದಪ್ಪ ಸುಮಾರು 520 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಎಂದುಕೊಂಡೇ ಅದರ ಲೆಕ್ಕ. ಎಲ್ಲರ ಕಾರ್ನಿಯಾ ಅಷ್ಟೇ ದಪ್ಪಗಿರುವುದಿಲ್ಲ. ತೆಳುವಾಗಿದ್ದರೆ ಒತ್ತಡ ಇರುವುದಕ್ಕಿಂತ ಕಡಿಮೆ ತೋರಬಹುದು. ಅಲ್ಲದೆ, ಒತ್ತಡ ನಿಜವಾಗಿಯೂ ಸಾಮಾನ್ಯ ಮಟ್ಟದಲ್ಲಿದ್ದೇ ದೃಷ್ಟಿನರ ಹಾಳಾಗುವ ಗ್ಲಾಕೋಮಾವೂ ಉಂಟು.

ತಪ್ಪು ಕಲ್ಪನೆ: ಒತ್ತಡ 24 ಬಂದರೆ ಕಾಯಿಲೆ ಖಚಿತ.

ಸತ್ಯ: ಕಾರ್ನಿಯಾ ದಪ್ಪಗಿರುವವರಲ್ಲಿ ಅಂಕಿ ಏರಿ ಕಾಣಬಹುದು. ದೃಷ್ಟಿನರ, ದೃಷ್ಟಿಕ್ಷೇತ್ರ ಎರಡೂ ಸರಿಯಿದ್ದರೆ ಕೆಲವರಿಗೆ ಔಷಧಿಯ ಬದಲು ನಿಯಮಿತ ತಪಾಸಣೆಯೇ ಸಾಕಾಗಬಹುದು. ಆ ತೀರ್ಮಾನ ವೈದ್ಯರದು. ಹನಿ ಔಷಧಿಯನ್ನು ತಾವೇ ನಿಲ್ಲಿಸಬಾರದು.

ತಪ್ಪು ಕಲ್ಪನೆ: ತೆಳು ಕಾರ್ನಿಯಾದಿಂದ ಅಳತೆ ತಪ್ಪುತ್ತದೆ, ಬೇರೇನೂ ಇಲ್ಲ.

ಸತ್ಯ: ಅಮೆರಿಕದಲ್ಲಿ, ಒತ್ತಡ ಹೆಚ್ಚಿದ್ದರೂ ಗ್ಲಾಕೋಮಾ ಇನ್ನೂ ಬಾರದ 1,636 ಜನರ ಮೇಲೆ ದೊಡ್ಡ ಅಧ್ಯಯನವೊಂದು ನಡೆಯಿತು. 2002ರಲ್ಲಿ ಅದರ ಫಲಿತಾಂಶ ಬಂದಾಗ, ಕಾರ್ನಿಯಾ 588 ಮೈಕ್ರಾನ್‌ಗಿಂತ ದಪ್ಪಗಿದ್ದವರಿಗೆ ಹೋಲಿಸಿದರೆ 555 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಅಪಾಯ ಸುಮಾರು ಮೂರು ಪಟ್ಟು ಎಂದು ಕಂಡುಬಂತು. ಹಾಗಾಗಿ ತೆಳು ಕಾರ್ನಿಯಾವನ್ನು ಪ್ರತ್ಯೇಕ ಅಪಾಯಸೂಚನೆಯಾಗಿಯೇ ಪರಿಗಣಿಸುತ್ತಾರೆ.

ತಪ್ಪು ಕಲ್ಪನೆ: ದಪ್ಪ ಗೊತ್ತಾದರೆ ಕೂಡಿ ಕಳೆದು ನಿಜವಾದ ಒತ್ತಡ ಹೇಳಬಹುದು.

ಸತ್ಯ: ಅಂಥ ಸೂತ್ರಗಳು ಹಲವಿವೆ, ಎಲ್ಲ ಕಣ್ಣಿಗೂ ಒಪ್ಪುವ ಸೂತ್ರ ಒಂದೂ ಇಲ್ಲ. ಕಾರ್ನಿಯಾ ಎಷ್ಟು ಬಿಗಿ, ಎಷ್ಟು ಮೃದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ನೀರು ತುಂಬಿ ಊದಿದ ಕಾರ್ನಿಯಾ ದಪ್ಪಗಿದ್ದರೂ ಮೆತ್ತಗಿರುವುದರಿಂದ ಒತ್ತಡ ಕಡಿಮೆ ತೋರಿಸಬಹುದು!

ತಪ್ಪು ಕಲ್ಪನೆ: ಲೇಸಿಕ್ ಮಾಡಿಸಿ ಕನ್ನಡಕ ಬಿಟ್ಟಾಯಿತು, ಆ ಹಳೆಯ ಕಥೆ ಈಗೇಕೆ?

ಸತ್ಯ: ಲೇಸಿಕ್ ಎಂಬ ಲೇಸರ್ ಶಸ್ತ್ರಚಿಕಿತ್ಸೆಯಲ್ಲಿ ಕಾರ್ನಿಯಾ ತೆಳುವಾಗುತ್ತದೆ. ಆಮೇಲೆ ಒತ್ತಡದ ಅಂಕಿ ಇಳಿದು ಕಂಡು, ಗ್ಲಾಕೋಮಾ ಕಣ್ತಪ್ಪಿಸಬಹುದು. ಎಷ್ಟೇ ವರ್ಷವಾಗಿರಲಿ, ವೈದ್ಯರಿಗೆ ಮೊದಲೇ ತಿಳಿಸಿ. ಶಸ್ತ್ರಚಿಕಿತ್ಸೆಗೆ ಮುಂಚಿನ ವರದಿಗಳಿದ್ದರೆ ತೋರಿಸಿ.

ತಪ್ಪು ಕಲ್ಪನೆ: ಪ್ಯಾಕಿಮೆಟ್ರಿ ನೋವು ಕೊಡುತ್ತದೆ, ಪ್ರತಿ ಸಲವೂ ಮಾಡಿಸಬೇಕು.

ಸತ್ಯ: ಮರಗಟ್ಟಿಸುವ ಹನಿ ಹಾಕಿ, ಪೆನ್ನಿನಂಥ ಸಾಧನವನ್ನು ಕಣ್ಣಿಗೆ ಮೃದುವಾಗಿ ತಾಗಿಸಿ ಅಲ್ಟ್ರಾಸೌಂಡ್‌ನಿಂದ ಅಳೆಯುತ್ತಾರೆ. ಕಣ್ಣು ಮುಟ್ಟದೆ ಬೆಳಕಿನಿಂದ ಅಳೆಯುವ ಯಂತ್ರಗಳೂ ಇವೆ. ಕಾರ್ನಿಯಾಕ್ಕೆ ಕಾಯಿಲೆಯೋ ಶಸ್ತ್ರಚಿಕಿತ್ಸೆಯೋ ಆಗದಿದ್ದರೆ ಸಾಮಾನ್ಯವಾಗಿ ಒಮ್ಮೆ ಅಳೆದರೆ ಸಾಕು. ಆ ಅಳತೆಯ ಚೀಟಿಯನ್ನು ಫೈಲಿನಲ್ಲಿಟ್ಟುಕೊಳ್ಳಿ. ಮುಂದೆ ಯಾವ ವೈದ್ಯರು ನಿಮ್ಮ ಒತ್ತಡದ ಅಂಕಿ ಓದಿದರೂ ಅದನ್ನು ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ.